ವಿಂಡೋಸ್ ಪಕ್ಕದಲ್ಲಿ ಒಂದಿಷ್ಟು ಜಾಗ

ಒಳಗಿನ ಫ್ಯಾನಿನ ಸದ್ದು ಇದು, ಏದುಸಿರು ಬಿಟ್ಟ ಹಾಗೆ, ಅವಳು ಕೂತಾಗಲೂ ಈ ಲ್ಯಾಪ್‌ಟಾಪು ಹೀಗೇ ತೇಕುತ್ತಿತ್ತೆ, ಗೊತ್ತಿಲ್ಲ, ಗೋಡೆಯ ಈಚೆಗೆ ನನಗೆ ಕೇಳಿಸುತ್ತಿದ್ದದ್ದು ಮೌಸಿನ ಟಿಕ್ ಟಿಕ್, ನಡುನಡುವೆ ಅವಳ ಗೊಣಗಾಟ, ಬಚ್ಚಲು ಎಲ್ಲಿಗೆ ತಳ್ಳಲಿ ಇದನ್ನ, ಈ ಮನೆಯವರು ಸ್ನಾನಾನೇ ಮಾಡಲ್ವೇನೋ — ಊರವರ ಮನೆಗಳಿಗೆಲ್ಲ ಪ್ಲಾನು ಬರೆದವಳು ನನ್ನ ತಂಗಿ, ಹಗಲೆಲ್ಲ ಆಫೀಸಿನಲ್ಲಿ ಬರೆದದ್ದು ಸಾಲದೆ ಮನೆಗೂ ಹೊತ್ತು ತರುತ್ತಿದ್ದಳು, ಈಗ ಅವಳದೇ ಪರದೆಯ ಮೇಲೆ ನನ್ನೆದುರು ಡಿಸ್ಕಿನ ಜಾಗ ತೋರಿಸುವ ಒಂದು ಉದ್ದ ಪಟ್ಟಿ ನಿಂತಿದೆ, ಎರಡು ಬಣ್ಣ, ಎಡಕ್ಕೆ ವಿಂಡೋಸು, ಬಲಕ್ಕೆ ಹೊಸದಾಗಿ ಬರಬೇಕಾದ ಲಿನಕ್ಸು, ವಿಂಡೋಸಿನ ಹಾಗೇ ಕಂಪ್ಯೂಟರು ನಡೆಸುವ ಇನ್ನೊಂದು, ನಡುವೆ ಎಳೆಯಲು ಒಂದು ಗೆರೆ, ಎಳೆದಷ್ಟು ಜಾಗ ನನ್ನದು, ಉಳಿದದ್ದು ಅವಳದು, ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ಸರಿ, ಹಾಸಿಗೆಯೇ ಎಷ್ಟಿರಲಿ ಎಂದು ಯಂತ್ರ ನನ್ನನ್ನೇ ಕೇಳಿದರೆ ಏನು ಹೇಳಲಿ. ನನ್ನ ಕಂಪ್ಯೂಟರು ಸತ್ತದ್ದು ಹೋದ ವಾರ, ಹೃದಯದ ಡಾಕ್ಟರ ಮಾತಿನ ಮಧ್ಯದಲ್ಲಿ, ರೋಗಿಯ ಎಡಗಾಲಿನ ಊತ ಇಳಿದಿದೆ, ನಿದ್ದೆ — ಅಷ್ಟೇ, ಪರದೆ ಕಪ್ಪು, ಆ ರೋಗಿಗೆ ನಿದ್ದೆ ಬಂತೋ ಇಲ್ಲವೋ, ಡಾಕ್ಟರುಗಳು ಹೇಳಿ ಕಳಿಸಿದ್ದನ್ನು ಹೆಡ್‌ಫೋನಿನಲ್ಲಿ ಕೇಳಿ ಟೈಪ್ ಮಾಡುವುದು ನನ್ನ ಹೊಟ್ಟೆಪಾಡು, ಕಾಲಡಿಯಲ್ಲೊಂದು ಪೆಡಲು, ಒತ್ತಿದರೆ ಮಾತು ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ, ದಿನವಿಡೀ ಕಿವಿಯೊಳಗೆ ಯಾರ್‍ಯಾರೋ ಮಾತಾಡುತ್ತಾರೆ, ಹೆಡ್‌ಫೋನ್ ತೆಗೆದರೆ ಒಬ್ಬರೂ ಇಲ್ಲ.

ಹಾಗಾಗಿ ಬೀರುವಿನ ಮೇಲಿನಿಂದ ಇದನ್ನು ಇಳಿಸಿದೆ. ತಂಗಿ ಮದುವೆಯಾಗಿ ಹೋಗುವಾಗ ಬಿಟ್ಟುಹೋದದ್ದು, ಅಲ್ಲಿ ಅವಳಿಗೆ ಹೊಸದು ಬಂದಿದೆ, ತಲೆ ಅರ್ಧ ನರೆತ ಮೇಲೆ ಮದುವೆಯಾದವಳಿಗೆ ಎಲ್ಲವೂ ಹೊಸದೇ, ಗಂಡ ಜಮೀನು ಅಳೆಯುವವನು, ಟೇಪು ಎಂದು ನಾನಿಟ್ಟ ಹೆಸರು, ಸೊಂಟಕ್ಕೆ ಸದಾ ಅದು ನೇತಾಡುತ್ತಿರುತ್ತದೆ, ಒಳ್ಳೆಯವನೇ, ಅದೇ ಕಷ್ಟ, ಕೆಟ್ಟವನಾಗಿದ್ದರೆ ಬೈಯಬಹುದಿತ್ತು, ಅವಳನ್ನು ವಾಪಸು ಕರೆಯಬಹುದಿತ್ತು. ರಿಪೇರಿ ಅಂಗಡಿಯವನು ಮುಚ್ಚಳ ತೆರೆದು ನೋಡಿ ನಕ್ಕ, ಮೇಡಂ, ಇದಕ್ಕೆ ಹೊಸ ವಿಂಡೋಸ್ ಹಾಕಿದ್ರೆ ಅಜ್ಜಿ ಹತ್ರ ಮೂಟೆ ಹೊರಿಸಿದಂಗೆ, ಲಿನಕ್ಸ್ ಹಾಕ್ಕೊಳ್ಳಿ, ಹಗುರ, ಪೆನ್‌ಡ್ರೈವಲ್ಲಿ ಮೂರು ಥರದ ಲಿನಕ್ಸ್ ಹಾಕ್ಕೊಡ್ತೀನಿ, ಹೊಸಬರಿಗೆ ಅಂತಾನೇ ಇರೋವು, ಮೊದಲು ರುಚಿ ನೋಡಿ, ಹಿಡಿಸಿದ್ರೆ ಮಾತ್ರ ಊಟಕ್ಕೆ ಕೂತ್ಕೊಳ್ಳಿ, ಡಿಸ್ಕ್ ಮುಟ್ಟದೆ ಪೆನ್‌ಡ್ರೈವಿಂದಾನೇ ಓಡತ್ತೆ. ಹಳೇದೆಲ್ಲ ಅಳಿಸಿ ಹಾಕ್ಬಿಡಿ, ಸಲೀಸು. ಬೇಡ ಎಂದೆ, ವಿಂಡೋಸೂ ಇರಬೇಕು, ಪಕ್ಕದಲ್ಲಿ. ಯಾಕೆ ಮೇಡಂ. ಪೆಡಲು, ಪೆಡಲು ವಿಂಡೋಸಲ್ಲಿ ಮಾತ್ರ ನಡೆಯೋದು. ಅವನು ನನ್ನ ಚೀಲದಿಂದ ಪೆಡಲನ್ನೂ ರೆಕಾರ್ಡಿಂಗಿನ ಕಾರ್ಡನ್ನೂ ತೆಗೆದು ತನ್ನ ಲಿನಕ್ಸ್ ಕಂಪ್ಯೂಟರಿಗೆ ಸಿಕ್ಕಿಸಿ ಕಾಲಲ್ಲಿ ಒತ್ತಿದ, ಡಾಕ್ಟರು ಕೆಮ್ಮಿದರು, ಒತ್ತುವುದು ಬಿಟ್ಟ, ಸುಮ್ಮನಾದರು. ನಡೀತಿದೆಯಲ್ಲ ಮೇಡಂ. ನನ್ನ ಮುಖ ಬಿಸಿಯಾಯಿತು, ಇರಲಿ ಎಂದೆ, ಇದ್ದರೆ ಏನು, ಅನ್ನ ಕೇಳತ್ತಾ.

ಮೂರನ್ನೂ ನೋಡಿದೆ, ಈ ಭಾನುವಾರ ಬೆಳಗ್ಗೆಯಿಂದ ಅದೇ ಕೆಲಸ. ಉಬುಂಟು ಚೆಲುವಾಗಿದೆ, ಗಟ್ಟಿಯಾಗಿದೆ, ಆದರೆ ಗುಂಡಿಗಳೆಲ್ಲ ಎಡಗೋಡೆಗೆ ಸಾಲಾಗಿ ನಿಂತಿವೆ, ಏನು ಬೇಕಾದರೂ ಆ ಕಡೆ ತಿರುಗಬೇಕು, ಈ ವಯಸ್ಸಿನಲ್ಲಿ ಕತ್ತು ಹೊಸದು ಕಲಿಯುವುದಿಲ್ಲ. ಜೋರಿನ್ ಅಂತ ಇನ್ನೊಂದು, ಎಷ್ಟು ವಿಂಡೋಸಿನಂತೆ ಸಿಂಗರಿಸಿಕೊಂಡಿದೆಯೆಂದರೆ ಮೊದಲು ಖುಷಿಯಾಯಿತು, ಆಮೇಲೆ ಮುಜುಗರ, ತಂಗಿಯ ಸೀರೆ ಉಟ್ಟು ತಂಗಿಯ ಹಾಗೆ ಮಾತಾಡುವವಳು ಯಾರೋ ಮನೆಗೆ ಬಂದ ಹಾಗೆ, ಬೇಡಮ್ಮ, ನೀನು ನೀನಾಗಿರು. ಮೂರನೆಯದು ಮಿಂಟು, ಹಿಡಿಸಿತು, ಅದಕ್ಕೆ ಯಾವ ಡೌಲೂ ಇಲ್ಲ, ಮೆನು ಕೆಳಗೆ ಎಡಮೂಲೆಯಲ್ಲಿ, ನನ್ನ ಕೈ ಕೇಳದೆಯೇ ಅಲ್ಲಿಗೆ ಹೋಯಿತು, ಕನ್ನಡ ಟೈಪ್ ಮಾಡಿ ನೋಡಿದೆ, ಬಂತು, ಏನು ಟೈಪ್ ಮಾಡಿದೆ, ಯಾರಿದ್ದೀರಿ ಅಂತ, ಛೆ, ಅಳಿಸಿದೆ. ತೀರ್ಮಾನವಾಯಿತು, ಮಿಂಟೇ, ಯಾರಿಗಾದರೂ ಹೇಳಬೇಕೆನಿಸಿತು, ಯಾರಿಗೆ, ಅವಳಿಗೇ ಫೋನ್ ಮಾಡಿದೆ. ಅಕ್ಕಾ, ಲಿನಕ್ಸಾ, ನೀನಾ, ಅಯ್ಯೋ ನನ್ನ ಜಾಣೆ, ನಕ್ಕಳು, ಹಿಂದೆ ಅವಳ ಗಂಡನೂ ಯಾವುದಕ್ಕೋ ನಕ್ಕ, ಕುಕ್ಕರು ಕೂಗಿತು, ಆ ಮನೆಯಲ್ಲಿ ಎಷ್ಟೊಂದು ಸದ್ದು. ನಿನ್ನ ವಿಂಡೋಸು ಹಾಗೇ ಇರಲಿ ಅಂತಿದೀನಿ ಕಣೆ, ಅರ್ಧ ಅರ್ಧ. ಯಾಕಕ್ಕ, ಎಲ್ಲಾ ಅಳಿಸ್ಬಿಡು, ನಂದೇನೂ ಇಲ್ಲ ಅದ್ರಲ್ಲಿ, ನಿಂಗೇ ಜಾಗ ಆಗತ್ತೆ. ಅಳಿಸಲು ಎಷ್ಟು ಹೊತ್ತು, ಕುಂಬಾರನಿಗೆ ವರುಷ ದೊಣ್ಣೆಗೆ ನಿಮಿಷ. ನೀನು ಬಂದಾಗ ಬೇಕಾದ್ರೆ, ಎಂದೆ. ಬಂದಾಗ, ಎಂದಳು, ಕುಕ್ಕರು ಇನ್ನೊಮ್ಮೆ ಕೂಗಿತು, ಇಡ್ಲಾ ಅಕ್ಕ, ಒಲೆ ಮೇಲಿದೆ.

ಅವಳು ಬರುತ್ತಾಳೆಂದೇ ನಾನು ಇದನ್ನೆಲ್ಲ ಮಾಡುತ್ತಿದ್ದೇನೆ, ಇನ್ನೊಬ್ಬರಿಗೆ ಹೇಳಲು ನಾಚಿಕೆ, ನನಗೆ ನಾನು ಹೇಳಿಕೊಳ್ಳಬಹುದು. ಒಂದು ದಿನ ಜಗಳವಾಡಿಕೊಂಡೋ, ಬೇಜಾರಾಗಿಯೋ, ಸುಮ್ಮನೆ ನನ್ನ ನೆನಪಾಗಿಯೋ ಚೀಲ ಹಿಡಿದು ಬಾಗಿಲಲ್ಲಿ ನಿಲ್ಲುತ್ತಾಳೆ, ಹಿಂದುಗಡೆಯ ಅವಳ ರೂಮು ಹಾಗೇ ಇದೆ, ಯಾರೂ ಮಲಗದ ಹಾಸಿಗೆಯ ಹೊದಿಕೆ ಬದಲಾಯಿಸುತ್ತಲೇ ಇದ್ದೇನೆ, ನನ್ನ ಮೇಜು ಅಲ್ಲಿಗೆ ಹಾಕಿಕೊಂಡಿಲ್ಲ, ನಾನಿರುವ ಮುಂದಿನ ರೂಮಿನ ಕಿಟಕಿಯ ಕೆಳಗೇ ಬಸ್ಸು ನಿಲ್ಲುತ್ತದೆ, ಆ ಸದ್ದಿನಲ್ಲಿ ಡಾಕ್ಟರು ಮೂತ್ರಪಿಂಡ ಎಂದರೋ ಏನೆಂದರೋ ಎಂದು ಪೆಡಲು ಒತ್ತಿ ಒತ್ತಿ ಕಾಲು ನೋಯುತ್ತದೆ, ಆದರೂ. ಅವಳಿದ್ದಾಗ ದಿನಾ ಗೊಣಗುತ್ತಿದ್ದೆ, ನಿನ್ನ ರೂಮಲ್ಲಿ ಸೂಜಿ ಬಿದ್ರೂ ಕೇಳತ್ತೆ ಕಣೆ, ಪುಣ್ಯವಂತೆ. ಹಂಗಾದ್ರೆ ಬದಲಾಯಿಸ್ಕೊಳ್ಳೋಣ ಬಾ. ಬೇಡಮ್ಮ, ಸಾಮಾನು ಎತ್ತೋರ್‍ಯಾರು — ಪರದೆಯ ಗೆರೆಯನ್ನು ಸರಿಯಾಗಿ ನಡುವಿಗೆ ತಂದೆ, ನಿನಗೆ ಅರ್ಧ, ನನಗೆ ಅರ್ಧ, ಒತ್ತಿದೆ, ಪಟ್ಟಿ ತಿರುಗಿತು, ನಿಂತಿತು, ಆಗುವುದಿಲ್ಲ ಎಂದಿತು. ಮತ್ತೆ ಒತ್ತಿದೆ, ಆಗುವುದಿಲ್ಲ. ರಿಪೇರಿಯವನಿಗೆ ಫೋನು, ಬಾಯಿತುಂಬ ಏನೋ ಅಗಿಯುತ್ತಲೇ ಹೇಳಿದ, ಮೇಡಂ, ಅದರೊಳಗಿನ ವಿಂಡೋಸ್ ಮಲಗಿದೆ, ಮುಚ್ಚಿಲ್ಲ, ಯಾರೋ ಶಟ್‌ಡೌನ್ ಮಾಡದೆ ಹಾಗೇ ಮುಚ್ಚಳ ಹಾಕಿದಾರೆ, ಮಲಗಿರೋರ ಹಾಸಿಗೆ ಎಳೆಯಕ್ಕಾಗಲ್ಲ ನೋಡಿ, ಒಂದ್ಸಲ ಎಬ್ಬಿಸಿ, ಪೂರ್ತಿ ಮುಚ್ಚಿ, ಆಮೇಲೆ ಬನ್ನಿ. ಯಾರೋ ಏನು, ಅವಳೇ, ಹುಟ್ಟಿದಾರಭ್ಯ ಏನನ್ನೂ ಪೂರ್ತಿ ಮುಚ್ಚಿದವಳಲ್ಲ, ನಲ್ಲಿ, ಡಬ್ಬಿ, ಬೀರು, ಅವಳ ಹಿಂದೆ ಮುಚ್ಚುತ್ತ ಓಡಾಡಿಯೇ ನನ್ನ ಅರ್ಧ ಆಯುಷ್ಯ ಹೋಯಿತು.

ಪೆನ್‌ಡ್ರೈವ್ ಕಿತ್ತು ಎಬ್ಬಿಸಿದೆ, ಪಾಸ್‌ವರ್ಡು ನನಗೆ ಗೊತ್ತು, ನನ್ನ ಹುಟ್ಟಿದ ದಿನವೇ, ಪರದೆ ಅವಳು ಬಿಟ್ಟ ಕಡೆಯಿಂದಲೇ ಎದ್ದಿತು, ಹೊರಡುವ ಹಿಂದಿನ ಸಂಜೆ ಎದ್ದುಹೋದವಳು ಈಗ ನೀರು ಕುಡಿದು ಬರುತ್ತಾಳೆ ಎನ್ನುವ ಹಾಗೆ, ಒಂದು ಪ್ಲಾನು ತೆರೆದೇ ಇದೆ, ಹೆಸರಿಟ್ಟಿಲ್ಲ, ಉಳಿಸಿಲ್ಲ, ಯಾರ ಮನೆಯೋ ಎಂದುಕೊಂಡೆ, ಚಿಕ್ಕ ಮನೆ, ಬಾಗಿಲು, ಅಡುಗೆಮನೆ, ಬಚ್ಚಲು ಇಷ್ಟೇಕೆ ಇರುಕು, ಅರೆ, ನಮ್ಮ ಬಚ್ಚಲೂ ಹೀಗೇ — ನಮ್ಮದೇ. ನಮ್ಮದೇ ಮನೆ. ನನ್ನ ರೂಮಿಗೂ ಅವಳ ರೂಮಿಗೂ ನಡುವಿನ ಗೋಡೆ ಚುಕ್ಕಿ ಚುಕ್ಕಿ ಗೆರೆಯಾಗಿದೆ, ಒಡೆಯಬೇಕಾದ್ದನ್ನು ಅವಳು ಬರೆಯುವುದೇ ಹಾಗೆ, ಎರಡೂ ಸೇರಿ ಒಂದೇ ದೊಡ್ಡ ರೂಮು, ಹಿಂದಿನ ಕಿಟಕಿಗೆ ತಾಗಿಸಿ ಒಂದು ಮೇಜು, ಬಸ್ಸಿನಿಂದ ಆದಷ್ಟು ದೂರ, ಮೇಜಿನಡಿ ಒಂದು ಪುಟ್ಟ ಚೌಕ, ಮೂಗು ಪರದೆಗೆ ತಾಗುವಷ್ಟು ಬಗ್ಗಿ ನೋಡಿದೆ, ಪೆಡಲು, ನನ್ನ ಪೆಡಲನ್ನೂ ಬರೆದಿದ್ದಾಳೆ, ಹುಚ್ಚಿ, ನಗು ಬಂತು, ಕಣ್ಣು ತುಂಬಿತು, ಕುರ್ಚಿ ಎಡಗೈಯವಳಾದ ನನಗೆ ಹೊಂದುವ ಹಾಗೆ ಓರೆಯಾಗಿ ಹಾಕಿದ್ದಾಳೆ, ಇದೇಕೆ ನನಗೆ ತೋರಿಸಲಿಲ್ಲ, ತೋರಿಸಿದರೆ ನೀನೆಲ್ಲಿ ಮಲಗ್ತೀಯ ಎಂದು ಕೇಳುತ್ತಿದ್ದೆನಲ್ಲ, ಅದಕ್ಕೇ ತೋರಿಸಲಿಲ್ಲ, ಅವಳ ಮಂಚವಿದ್ದ ಕಡೆ ನನ್ನ ಮೇಜು, ಮಂಚ ಇರುವುದು ಮುಂದಿನ ಗೋಡೆಗೆ, ಒಂದು, ಅವಳ ಪ್ಲಾನುಗಳಲ್ಲಿ ಮಂಚಕ್ಕೆ ದಿಂಬು ಬರೆದೇ ಬರೆಯುತ್ತಾಳೆ, ಗಂಡ ಹೆಂಡತಿಗೆ ಎರಡು, ಮಗುವಿಗೆ ಚಿಕ್ಕದು, ಮನೆಯಲ್ಲಿ ಎಷ್ಟು ಜನ ಅಂತ ದಿಂಬು ನೋಡಿ ಹೇಳ್ಬಹುದಕ್ಕ, ಇಲ್ಲಿ ಒಂದು ಮಂಚ, ಒಂದು ದಿಂಬು. ಬಂದು ಹೋಗುವವರಿಗೆಂದು ದಿವಾನ್ ಆದರೂ, ಇಲ್ಲ, ಹುಡುಕಿದೆ, ಅಡುಗೆಮನೆಯ ಮೂಲೆಯನ್ನೂ ಬಿಡಲಿಲ್ಲ, ಒಂದೇ. ಪೂರ್ತಿ ಮುಚ್ಚಿ ಎಂದನಲ್ಲ ರಿಪೇರಿಯವನು, ಮುಚ್ಚಲು ಹೋದೆ, ಉಳಿಸಲೇ, ಹಾಗೇ ಮುಚ್ಚಲೇ ಎಂದು ಕೇಳಿತು, ಉಳಿಸಿದರೆ ಹೆಸರು ಕೊಡಬೇಕು, ಏನೆಂದು, ನನ್ನ ಮನೆ ಎಂದು ಟೈಪ್ ಮಾಡಹೊರಟೆ, ಮೂರು ಅಕ್ಷರವಾಗುವಷ್ಟರಲ್ಲಿ ಬೆರಳು ನಿಂತಿತು, ಇನ್ನು ಯಾರಿಗೆ ಅರ್ಧ ಬಿಡಲಿ, ಯಾವ ಗೆರೆಯನ್ನು ಎಲ್ಲಿ ನಿಲ್ಲಿಸಲಿ, ನನಗಾಗಿ ಕಿಟಕಿ ಯೋಚಿಸಿದವಳು, ಕಾಲಡಿಯ ಪೆಡಲು ಮರೆಯದವಳು, ತನಗೊಂದು ದಿಂಬು ಬರೆದುಕೊಳ್ಳಲಿಲ್ಲ, ಮರೆತಳೇ, ಅವಳು ಮರೆಯುವವಳಲ್ಲ, ಹೊರಗೆ ಬಸ್ಸು ಬಂತು, ಹೋಯಿತು, ಉಳಿಸಲೇ, ಹಾಗೇ ಮುಚ್ಚಲೇ, ಫ್ಯಾನು ತೇಕುತ್ತಿದೆ, ಒಂದು ಮಂಚ, ಅದರ ತಲೆಯ ಕಡೆ, ಸರಿಯಾಗಿ ನಡುವೆ, ಆಚೀಚೆ ಯಾರಿಗೂ ಜಾಗ ಬಿಡದೆ, ಒಂದು ದಿಂಬು, ಒಂದೇ ದಿಂಬು