ಗರ್ಭಕ್ಕೆ ಹೆಪ್ಪು

ನಟರಾಜು ಹೆಂಡತಿಯ ಜಡೆ ಹಿಡಿದು ನಡುಮನೆಗೆ ಎಳೆದು ತಂದಾಗ ಅವನ ತಾಯಿ ಮಾಯಮ್ಮ ಒಲೆ ಮುಂದೆ ಕೂತು ಮುದ್ದೆ ತೊಳಸುತ್ತಿದ್ದಳು.

"ಲೇ, ಯಾವನ ಸೆಲ್ ಹಾಕುಸ್ಕಂಡು ಬಂದಿದ್ದೀಯೆ ಹೊಟ್ಟೆಗೆ?"

ಕುದೂರಿನ ಬಸ್‌ಸ್ಟ್ಯಾಂಡಿನಲ್ಲಿ ಯಾವನೋ ಹಾಗಂತ ಮೂದಲಿಸಿದ್ದನಂತೆ. ಅಷ್ಟು ಸಾಕಾಯಿತು ಈ ಮಹಾ ಗಂಡಸಿಗೆ! ಲತಾಮಣಿಯ ಕೆನ್ನೆಗೆ ಬಾರಿಸಿದ, ತಲೆಯನ್ನು ಗೋಡೆಗೆ ಚಚ್ಚಿದ. ತುಟಿ ಒಡೆದು ರಕ್ತ ಸೀರೆಗೆಲ್ಲ ಇಳಿಯಿತು.

ಮಾಯಮ್ಮನ ಜೀವ ಬಾಯಿಗೆ ಬಂದಿದ್ದು ಸೊಸೆಯ ತುಟಿ ನೋಡಿ ಅಲ್ಲ, ಹೊಟ್ಟೆ ನೆನೆದು. ಮೂರು ವರ್ಷದ ಹಿಂದೆ ಗರ್ಭ ಕೆರೆಸಿದಾಗ ಗರ್ಭಕೋಶದ ಒಳಪದರವೇ ಹಾಳಾಗಿ, ಗಾಯ ಕಲೆಗಟ್ಟಿ, ಲತಾಮಣಿಗೆ ಮುಟ್ಟು ಕೂಡ ನಿಂತುಹೋಗಿತ್ತು. ಕೊನೆಗೆ ಬೆಂಗಳೂರಿನ ಡಾಕ್ಟರಮ್ಮ, ಇದಿನ್ನೂ ಹೊಸ ಪ್ರಯೋಗ, ಖಾತ್ರಿ ಇಲ್ಲ ಎಂದು ಹೇಳಿಯೇ, ಅವಳ ಸೊಂಟದ ಮೂಳೆಯಿಂದ ಮಜ್ಜೆ ಎಳೆದು, ಪದರ ಮತ್ತೆ ಬೆಳೆಯಲೆಂದು ಅದರ ಸ್ಟೆಮ್ ಸೆಲ್‌ಗಳನ್ನು ಗರ್ಭಕ್ಕೆ ಸೇರಿಸಿದ್ದಳು. ಹಾಲಿಗೆ ಹೆಪ್ಪು ಹಾಕಿದ ಹಾಗೆ ಎಂದುಕೊಂಡಿದ್ದಳು ಮಾಯಮ್ಮ. ಮೊನ್ನೆಯ ಸ್ಕ್ಯಾನಿನಲ್ಲಿ ಪದರ ಮತ್ತೆ ಬೆಳೆಯುತ್ತಿತ್ತು! ಮೊಮ್ಮಗುವಿನ ಆಸೆ ಮತ್ತೆ ಚಿಗುರಿತ್ತು. ಈಗ ಈ ಮುಂಡೇಮಗ ಆ ಹೊಟ್ಟೆಗೇ ಒದೆಯಲು ಕಾಲೆತ್ತಿದ್ದ.

ಮಾಯಮ್ಮ ಪಾತ್ರೆಯಿಂದ ಮುದ್ದೆ ಕೋಲು ಕಿತ್ತಳು. ಸುಡುವ ಹಿಟ್ಟು ಮೆತ್ತಿದ್ದ ಕೋಲು ಮಗನ ಮೊಣಕಾಲಿಗೆ ಬಿತ್ತು. ಅವನು ಕುಸಿದ. ಇನ್ನೊಂದು ಬೆನ್ನಿಗೆ, ಮತ್ತೊಂದು ಮುಖಕ್ಕೆ. ಮೂಗು ಲಟಕ್ಕೆಂದಿತು.

"ಅವ್ವಾ, ಸಾಯ್ಸ್‌ಬುಡ್ತೀಯೇನವ್ವಾ!"

"ಸಾಯಿ, ಪೀಡೆ ಹೋಯ್ತದೆ! ಅವ್ಳ ಮೂಳೆದೇ ಕಣ್ಲಾ ಆ ಸೆಲ್ಲು, ನಾನೇ ಜೊತೇಲಿದ್ದೆ! ಹೆಣ್ಣು ಅಂತ ಗೊತ್ತಾಗಿದ್ದೇ ತಡ, ಎದೆ ಡವಡವ ಅಂತಿದ್ದ ಕೂಸ್ನ ಕೆರುಸ್‌ಬುಡು ಅಂದೋನು ನೀನಲ್ವೇನ್ಲಾ? ನಿನ್ ಮಾತು ಕಟ್ಕೊಂಡು ನಾನೂ ಕರ್ಕಂಡೋದ್ನಲ್ಲಾ..."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಾಯಮ್ಮ ನಾಲಿಗೆ ಕಚ್ಚಿಕೊಂಡಳು.

ಲತಾಮಣಿ ಗೋಡೆ ಹಿಡಿದು ಎದ್ದಳು. "ಕೂಸಿನ ಎದೆ ನಿಂತೋಗೈತೆ, ತೆಗೆಸ್ದೆ ಇದ್ರೆ ನೀನೂ ಉಳಿಯಕಿಲ್ಲ ಅಂದಿದ್ರಲ್ಲ ಅತ್ತೆ?"

ನಟರಾಜು ಮೂಗು ಹಿಡಿದುಕೊಂಡು ಬಾಗಿಲ ಕಡೆಗೆ ತೆವಳಿದ.

ಸೊಸೆ ಬಂದು ಕೋಲಿಗೆ ಕೈ ಹಾಕಿದಳು. ಮಾಯಮ್ಮ ಬಿಟ್ಟುಕೊಟ್ಟಳು. ಮೊದಲ ಏಟು ಅತ್ತೆಯ ಭುಜಕ್ಕೆ, ಎರಡನೆಯದು ಅಡ್ಡ ಬಂದ ಮುಂಗೈಗೆ ಬಿತ್ತು. ಬಳೆ ಚೂರಾಗಿ ಚರ್ಮಕ್ಕೆ ನಾಟಿತು. ನೆಲಕ್ಕೆ ಬಿದ್ದ ಮಾಯಮ್ಮ ತಲೆ ಎತ್ತಿ ನೋಡಿದ್ದು ಸೊಸೆಯ ಹೊಟ್ಟೆಯನ್ನೇ.

"ಹೊಡಿ ಕಣವ್ವ, ಹೊಡಿ. ಆದ್ರೆ ಒಸಿ ನಿದಾನ... ಹೊಟ್ಟೆ ಅಲುಗಾಡ್ಬಾರ್ದು."

ಲತಾಮಣಿ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಇನ್ನೂ ಜೋರಾಗಿ ಹೊಡೆದಳು.