ಮೊದಲು ಮಾರಿದ ಪೆಟ್ಟಿಗೆ

ಮಹಡಿಯ ಮೇಲೆ ಟಕ್ ಎಂದಿತು. ರಾತ್ರಿ ಒಂದೂವರೆ. ತೊಟ್ಟಿಯ ನೀರು ಇಳಿದದ್ದನ್ನು ತಿಳಿದು ತಾನೇ ಮೋಟಾರು ಚಾಲೂ ಮಾಡುವ ಪುಟ್ಟ ಪೆಟ್ಟಿಗೆಯ ಸದ್ದು ಅದು. ಕುಂದಲಹಳ್ಳಿಯ ಆ ಮನೆಗೆ ರೂಢಿಯಾಗಿದ್ದ ಸದ್ದು ಇಂದು ನೀಲಾಂಬಿಕಾಳನ್ನು ಎಬ್ಬಿಸಿ ಕೂರಿಸಿತು.

ಐದು ತಿಂಗಳ ಹಿಂದೆ ಪೀಣ್ಯದ ಸಣ್ಣ ಕಾರ್ಖಾನೆಯೊಂದರಿಂದ ಅದನ್ನು ತಂದವಳು ಅವಳೇ. ಪೇಟೆಂಟ್ ಮೊಕದ್ದಮೆಗಳಿಗೆ ಸಾಕ್ಷ್ಯ ಹೊಂದಿಸಿಕೊಡುವ ಹೂಡಿಯ ಕಚೇರಿಯೊಂದರಲ್ಲಿ ಅವಳಿಗೆ ಕೆಲಸ. ಅವರ ಕಕ್ಷಿದಾರ ಕಂಪನಿ ಒಂದು ಮೊಳೆಯನ್ನೂ ತಯಾರಿಸುತ್ತಿರಲಿಲ್ಲ. ಪೇಟೆಂಟುಗಳನ್ನು ಕೊಳ್ಳುವುದು, ಸಣ್ಣ ಕಾರ್ಖಾನೆಗಳ ಮೇಲೆ ದಾವೆ ಹೂಡಿ ತಡೆಯಾಜ್ಞೆ ತರುವುದು, ಅವರು ಸುಸ್ತಾಗುವವರೆಗೆ ಕಾಯುವುದು, ಇಷ್ಟೇ ಅದರ ವ್ಯಾಪಾರ. ನೀಲಾಂಬಿಕಾ ಗಿರಾಕಿಯಂತೆ ಹೋಗಿ ಎರಡು ಪೆಟ್ಟಿಗೆ ಕೊಂಡಿದ್ದಳು. ಒಂದು ಕೋರ್ಟಿಗೆ. ಇನ್ನೊಂದು, ಚೆನ್ನಾಗಿದೆ ಎನ್ನಿಸಿ, ಮನೆಗೆ.

ಮಾಲೀಕ ಪಂಚಾಕ್ಷರಿ ಅಂದು ಚಹಾ ತರಿಸಿ, ದೇವರ ಪಟದ ಕೆಳಗಿದ್ದ ವಿಭೂತಿ ಬಳಿದ ಹಳೆಯ ಪೆಟ್ಟಿಗೆ ತೋರಿಸಿದ್ದರು.

"ಮೊದಲು ಮಾರಿದ್ದು ಇದೇ ಮೇಡಂ. ಕೆಟ್ಟೋಯ್ತು ಅಂತ ಹೊಸದು ಕೊಟ್ಟು ಇದನ್ನ ವಾಪಸ್ ಇಸ್ಕೊಂಡೆ. ಆಯುಧಪೂಜೇಲಿ ಮೊದಲನೇ ಹೂವು ಇದಕ್ಕೇ."

ಬೆನ್ನಿಗೆ ಅಂಟಿಸಿದ್ದ ರಸೀದಿಯಲ್ಲಿ 2009 ಎಂದಿತ್ತು. ಕಕ್ಷಿದಾರರ ಪೇಟೆಂಟಿಗೆ ಅರ್ಜಿ ಬಿದ್ದದ್ದು 2014ರಲ್ಲಿ. ಅರ್ಜಿಗೆ ಮೊದಲೇ ಮಾರಾಟವಾಗಿದ್ದ ವಸ್ತುವಿಗೆ ಪೇಟೆಂಟ್ ನಿಲ್ಲದು. ಆ ಚೀಟಿಯೊಂದೇ ಪೇಟೆಂಟನ್ನು ಉರುಳಿಸಬಲ್ಲದು ಎಂದು ಅವಳಿಗೆ ಗೊತ್ತಿತ್ತು. ಫೋಟೊ ತೆಗೆದುಕೊಂಡಳು, ವರದಿಯಲ್ಲೂ ಬರೆದಳು. ಮ್ಯಾನೇಜರ್ ಶಿವಶಂಕರ್ ಆ ಸಾಲುಗಳನ್ನು ಅಳಿಸಿದರು.

"ನಿಮ್ಮನ್ನ ಕಳ್ಸಿದ್ದು ಡಬ್ಬ ತರೋಕೆ ಕಣ್ರೀ, ದೇವರ ದರ್ಶನಕ್ಕಲ್ಲ."

ಅವಳು "ಸರಿ ಸಾರ್" ಎಂದಿದ್ದಳು.

ಸಂಜೆಯಷ್ಟೇ ಪಂಚಾಕ್ಷರಿಯವರ ಫೋನು ಬಂದಿತ್ತು.

"ಮೇಡಂ, ಡಬ್ಬ ಓಡ್ತಾ ಇದೆಯಾ? ಬಿಡಿಭಾಗ ಬೇಕಿದ್ರೆ ಈ ವಾರ ಬಂದು ತಗೊಂಡ್ಬಿಡಿ. ಆಮೇಲೆ ನಾವು ಇದನ್ನ ಮಾಡೋ ಹಾಗಿಲ್ಲ."

"ಯಾಕೆ?"

"ಕೋರ್ಟಲ್ಲಿ ರಾಜಿ ಮಾಡ್ಕೊಂಡೆ. ಇದು ಅವರದೇ, ಇನ್ಯಾವತ್ತೂ ಪ್ರಶ್ನೆ ಮಾಡಲ್ಲ ಅಂತ ಇವತ್ತು ಸಹಿ ಹಾಕಿ ಬಂದೆ. ಆರು ಜನ ಹುಡುಗ್ರನ್ನ ಇಟ್ಕೊಂಡು ಎಷ್ಟು ದಿನ ಬಾಗಿಲು ಹಾಕ್ಕೊಂಡು ಕೂರ್ಲಿ? ಲಾಯರ್ ಹಳೇ ಪುರಾವೆ ಕೇಳಿದ್ರು. ಬೀರು ಪೂರ್ತಿ ಜಾಲಾಡಿದ್ವಿ, ಒಂದೂ ಸಿಗ್ಲಿಲ್ಲ."

ಬೀರು ಜಾಲಾಡಿದವರಿಗೆ ದೇವರ ಪಟದ ಕೆಳಗೆ ನೋಡಬೇಕೆನಿಸಿರಲಿಲ್ಲ. ಪೂಜೆಗಿಟ್ಟದ್ದು ಕೋರ್ಟಿಗೆ ಒಯ್ಯುವ ವಸ್ತುವೆಂದು ಯಾರಿಗೆ ಹೊಳೆದೀತು?

"ಯಾರೋ ಗಿರಾಕಿ ಥರ ಬಂದು ಡಬ್ಬ ತಗೊಂಡೋಗಿ ಅವರಿಗೆ ಕೊಟ್ಟಿದ್ದಾರೆ" ಎಂದು ಪಂಚಾಕ್ಷರಿ ನಕ್ಕಿದ್ದರು. "ನಿಮ್ಮಂಥೋರ ಮೇಲೆ ಅನುಮಾನ ಇಲ್ಲ ಬಿಡಿ. ನಿಮ್ಮನೇಲಿ ಓಡ್ತಾನೇ ಇದೆಯಲ್ಲ."

ಸಹಿ ಬೀಳುವ ಹಿಂದಿನ ದಿನ ಅವಳು ಹೇಳಿದ್ದರೂ ಸಾಕಾಗಿತ್ತು. ಮೊಬೈಲಿನಲ್ಲಿ ಆ ಫೋಟೊ ಇನ್ನೂ ಇತ್ತು: ವಿಭೂತಿ, ರಸೀದಿ, ಪಕ್ಕದಲ್ಲಿ ಅವರ ನಗು. ಕಳುಹಿಸುವ ಗುಂಡಿಯ ಮೇಲೆ ಅವಳ ಬೆರಳು ನಿಂತಿತು. ಈಗ ಇದನ್ನು ನೋಡಿದರೆ ಅವರಿಗೆ ತಿಳಿಯುವುದೇನು? ವರ್ಷವರ್ಷ ಹೂವೇರಿಸಿದ್ದೇ ತಮ್ಮನ್ನು ಉಳಿಸುತ್ತಿತ್ತು, ತಾವೇ ಕಾಣಲಿಲ್ಲ ಎಂದು. ಅವರ ಒಳ್ಳೆಯದಕ್ಕೇ ಸುಮ್ಮನಿರಬೇಕು ಎಂದುಕೊಂಡಳು. ಅದರಲ್ಲಿ ಅರ್ಧ ತನ್ನ ಹೆದರಿಕೆ ಎಂಬುದೂ ಅವಳಿಗೆ ಗೊತ್ತಿತ್ತು.

"ಏನೇ, ನಿದ್ದೆ ಬರ್ಲಿಲ್ವಾ?" ಗಂಡ ಕೊಟ್ರೇಶ್ ಮಗ್ಗುಲಾದ.

"ಮೋಟಾರ್ ಸದ್ದು. ಮಲ್ಕೊಳ್ರಿ."

ಮೊಬೈಲನ್ನು ಬೋರಲು ಹಾಕಿದಳು. ಪಂಚಾಕ್ಷರಿಯವರಿಗಾಗಲಿ, ಕೊಟ್ರೇಶನಿಗಾಗಲಿ, ಇದನ್ನು ಇನ್ನು ಯಾರಿಗೂ ಹೇಳುವುದಿಲ್ಲ ಎಂದು ನಿರ್ಧರಿಸಿ, ತೊಟ್ಟಿ ತುಂಬಿ ಮತ್ತೆ ಟಕ್ ಎನ್ನುವುದನ್ನು ಕಾಯುತ್ತ ಕುಳಿತಳು.