ಮಲಾವಿಗೆ ಹೋದ ಐದು ಲೀಟರಿನ ಕುಕ್ಕರ್

ನಾನು ಐದು ಲೀಟರಿನ ಒಂದು ಪ್ರೆಶರ್ ಕುಕ್ಕರ್. ಅಲ್ಯುಮಿನಿಯಂನ ದುಂಡು ತಗಡನ್ನು ಅಚ್ಚಿನ ಮೇಲಿಟ್ಟು ಯಂತ್ರ ಒತ್ತಿದಾಗ ನನಗೆ ಹೊಟ್ಟೆ ಬಂತು. ಆಮೇಲೆ ಹಿಡಿ, ಮುಚ್ಚಳ, ಕೊನೆಗೆ ಸೀಟಿ. ಗದಗದ ಪಾತ್ರೆ ಅಂಗಡಿಯಲ್ಲಿ ಏಳು ತಿಂಗಳು ಕೂತಿದ್ದ ನನ್ನನ್ನು ಶಿವಲೀಲಾ ಕಮತರ ಕೊಂಡರು. ನಲವತ್ತೊಂದು ವರ್ಷದ ನರ್ಸ್, ಹೆರಿಗೆ ಮಾಡಿಸುವುದರಲ್ಲಿ ಪಳಗಿದವರು. ಆಫ್ರಿಕದ ಮಲಾವಿ ದೇಶದ ಒಂದು ಹಳ್ಳಿ ಆಸ್ಪತ್ರೆಗೆ ಎರಡು ವರ್ಷದ ಮಟ್ಟಿಗೆ ಸ್ವಯಂಸೇವಕಿಯಾಗಿ ಹೊರಟಿದ್ದರು.

ಪೆಟ್ಟಿಗೆಯ ತೂಕ ಹೆಚ್ಚಾದಾಗ ಅವರು ಎರಡು ಸೀರೆ ತೆಗೆದಿಟ್ಟರು, ನನ್ನನ್ನು ತೆಗೆಯಲಿಲ್ಲ. ನನ್ನೊಳಗೆ ತೊಗರಿಬೇಳೆ, ಖಾರದ ಪುಡಿ ತುಂಬಿದರು. ಮುಚ್ಚಳದ ರಬ್ಬರ್ ಬಳೆ, ಅಂದರೆ ಗ್ಯಾಸ್ಕೆಟ್, ಇನ್ನೊಂದು ಇಟ್ಟುಕೊಳ್ಳಲು ಮರೆತರು.

ಅಲ್ಲಿಗೆ ಹೋದ ಮೇಲೆ ಬೆಳಿಗ್ಗೆ ಏಳಕ್ಕೆ ಆಸ್ಪತ್ರೆಗೆ ಹೋಗುತ್ತಿದ್ದರು, ಸಂಜೆ ಬಂದು ಬಾಗಿಲು ಹಾಕಿಕೊಂಡು ಒಬ್ಬರೇ ಬೇಳೆ ಬೇಯಿಸುತ್ತಿದ್ದರು. ನನ್ನ ಸೀಟಿ ಕೇಳಿ ಪಕ್ಕದ ಮನೆಯವರು ಮೊದಲ ದಿನ ಹೊರಗೆ ಓಡಿ ಬಂದಿದ್ದರು. ಅವರಿಗೆ ಇದೇನೆಂದು ಯಾರೂ ಹೇಳಲಿಲ್ಲ. ಆರು ವಾರವಾದರೂ ಗರ್ಭಿಣಿಯರು ಶಿವಲೀಲಾ ಅವರ ಬಳಿ ಬಾಯಿ ಬಿಡುತ್ತಿರಲಿಲ್ಲ. ನೋವನ್ನು ಆಸ್ಪತ್ರೆಯ ಕಸ ಗುಡಿಸುವ ಎಸ್ನಾತ್ ಎಂಬ ಹೆಂಗಸಿನ ಕಿವಿಯಲ್ಲಿ ಹೇಳಿ ಸುಮ್ಮನಾಗುತ್ತಿದ್ದರು.

ಒಂದು ಸಂಜೆ ಎಸ್ನಾತ್ ಅಡುಗೆಮನೆಗೇ ಬಂದು ನನ್ನ ಪಕ್ಕದ ಮಣೆಯ ಮೇಲೆ ಕೂತು, ತನಗೆ ಬರುವಷ್ಟು ಇಂಗ್ಲಿಷಿನಲ್ಲಿ ಹೇಳಿದಳು.

"ಸಿಸ್ಟರ್, ಕೆಲಸ ಚೆನ್ನಾಗಿ ಮಾಡ್ತೀರಿ. ಆದರೆ ಎದುರಿಗೆ ಸಿಕ್ಕವರನ್ನ ಹೇಗಿದ್ದೀರಿ ಅಂತ ಕೇಳೋದೇ ಇಲ್ಲ. ಬಂದ ಕೂಡಲೇ ಕತ್ತರಿ ಕೊಡಿ, ನೀರು ಕೊಡಿ ಅಂತೀರಿ. ಗೇಟಿನ ಎದುರು ಸೈಕಲ್ ರಿಪೇರಿ ಮಾಡೋ ಫಿರಿ, ನಿಮಗೆ ನಮ್ಮ ಮೇಲೆ ಸಿಟ್ಟಿದೆ ಅಂದುಕೊಂಡಿದ್ದಾನೆ."

ಶಿವಲೀಲಾ ಅವರ ಮುಖ ಕೆಂಪಾಯಿತು. "ಅವಸರ ಇರತೈತಿ, ಅದಕ್ಕ..." ಎಂದು ಕನ್ನಡದಲ್ಲೇ ಶುರುಮಾಡಿ ನಿಲ್ಲಿಸಿದರು. ಆ ಸಂಜೆ ಕದ ತೆರೆದೇ ಇತ್ತು. ಬೇಳೆಯನ್ನು ಇಬ್ಬರೂ ಮೆಕ್ಕೆಜೋಳದ ಮುದ್ದೆಯ ಜೊತೆ ತಿಂದರು. ಎಸ್ನಾತ್ ಕಲಿಸಿದ ಮೊದಲ ಮಾತು 'ಮುಲಿ ಬ್ವಾಂಜಿ'. ಹೇಗಿದ್ದೀರಿ ಎಂದರ್ಥ. ಮರುದಿನದಿಂದ ಆಸ್ಪತ್ರೆಗೆ ಹೋಗುವ ಐದು ನಿಮಿಷದ ದಾರಿಗೆ ಇಪ್ಪತ್ತು ನಿಮಿಷ ಬೇಕಾಗತೊಡಗಿತು.

ನಾಲ್ಕನೇ ತಿಂಗಳಲ್ಲಿ ನನ್ನ ಕೆಲಸ ಬದಲಾಯಿತು. ಆಸ್ಪತ್ರೆಯಲ್ಲಿ ಮೂರು ದಿನದಿಂದ ಕರೆಂಟಿರಲಿಲ್ಲ. ಉಪಕರಣಗಳನ್ನು ಕ್ರಿಮಿಮುಕ್ತ ಮಾಡುವ ಯಂತ್ರ ಸುಮ್ಮನಿತ್ತು, ಶುದ್ಧ ಮಾಡಿಟ್ಟ ಕತ್ತರಿ, ಚಿಮ್ಮಟ ಮುಗಿದಿದ್ದವು. ಬೆಳಿಗ್ಗೆ ಹತ್ತಕ್ಕೆ ತಿಯಾಮಿಕೆ ಎಂಬ ಹುಡುಗಿ ಚೊಚ್ಚಲ ಹೆರಿಗೆಗೆ ಬಂದಳು. ಇನ್ನು ಎರಡು ತಾಸು ಇದೆ ಎಂದು ಅಂದಾಜು ಮಾಡಿ ಶಿವಲೀಲಾ ನನ್ನನ್ನು ತರಿಸಿದರು. ನನ್ನನ್ನು ತಿಕ್ಕಿ ತೊಳೆದು, ಬಟ್ಟೆಯಲ್ಲಿ ಸುತ್ತಿದ ಕತ್ತರಿ, ಚಿಮ್ಮಟ, ಹೊಲಿಗೆಯ ಸೂಜಿಗಳನ್ನು ಒಳಗಿಟ್ಟು ಇದ್ದಿಲೊಲೆಯ ಮೇಲೇರಿಸಿದರು. ಸೀಟಿ ಬರಲಿಲ್ಲ. ಮುಚ್ಚಳದ ಸುತ್ತ ಉಗಿ ಸೋರಿತು. ನನ್ನ ಗ್ಯಾಸ್ಕೆಟ್ ಹರಿದಿತ್ತು.

ತಿಯಾಮಿಕೆಯ ಕೈ ಹಿಡಿದುಕೊಂಡಿರಲು ಎಸ್ನಾತ್‌ಗೆ ಹೇಳಿ, ಶಿವಲೀಲಾ ನನ್ನ ಮುಚ್ಚಳ ಹಿಡಿದು ಫಿರಿಯ ಅಂಗಡಿಗೆ ಓಡಿದರು. ಏದುಸಿರು ಬಿಡುತ್ತಲೇ "ಮುಲಿ ಬ್ವಾಂಜಿ" ಎಂದರು. ಫಿರಿ ಎದ್ದು ನಿಂತು ಉತ್ತರ ಕೊಟ್ಟ, ಅವರ ಕ್ಷೇಮ ಕೇಳಿದ. ಅದಕ್ಕೂ ಉತ್ತರ ಹೇಳಿದ ಮೇಲೆ ಅವರು ಹರಿದ ಬಳೆ ತೋರಿಸಿದರು. ಅವನು ಹಳೆಯ ಲಾರಿ ಟ್ಯೂಬಿನಿಂದ ಬಳೆ ಕತ್ತರಿಸಿದ. ಮೊದಲನೆಯದು ಸಡಿಲವಾಯಿತು, ಎರಡನೆಯದು ಬಿಗಿಯಾಯಿತು. ಮೂರನೆಯದು ಕೂತಿತು.

ಅರ್ಧ ತಾಸು ನಾನು ಬುಸುಗುಟ್ಟುತ್ತ ಬೆಂದೆ. ಹನ್ನೆರಡೂಕಾಲಿಗೆ ಗಂಡುಮಗು ಹುಟ್ಟಿತು. ತಾಯಿಗೆ ರಕ್ತ ಬಹಳ ಹೋಯಿತು. ನನ್ನೊಳಗಿಂದ ತೆಗೆದ ಸೂಜಿಯಲ್ಲೇ ಹೊಲಿಗೆ ಹಾಕಿದರು. ನಾಲ್ಕನೆಯ ದಿನ ತಿಯಾಮಿಕೆ ನಡೆದುಕೊಂಡೇ ಮನೆಗೆ ಹೋದಳು.

ಎರಡು ವರ್ಷ ಮುಗಿಯಿತು. ಮುಂದಿನ ಸ್ವಯಂಸೇವಕನಾಗಿ ಬಂದವನು ಕೊಪ್ಪಳದ ಲ್ಯಾಬ್ ಟೆಕ್ನಿಷಿಯನ್ ಪ್ರಮೋದ ಬಳಿಗಾರ. ಶಿವಲೀಲಾ ನನ್ನನ್ನು ಅವನ ಕೈಗಿಟ್ಟರು.

"ತಮ್ಮಾ, ಬಂದ ದಿನಾನ ಏನೂ ಸುಧಾರಿಸಾಕ ಹೋಗಬ್ಯಾಡ. ಒಂದ ವಾರ ಸುಮ್ನ ನೋಡು. ನೀರ ಕುದಿಸಿ ಕುಡಿ. ಸೊಳ್ಳೆಪರದೆ ತೂತ ಬಿದ್ರ ಅವತ್ತ ಹೊಲಿ."

"ಭಾಷಾ ಬರಂಗಿಲ್ಲಲ್ರೀ, ಅಕ್ಕಾರ."

"ದಿನಾ ಎರಡ ಮಾತ ಕಲಿ. ತಪ್ಪಾದ್ರ ನಗ್ತಾರ, ನಗಲಿ. ಒಬ್ಬನ ಕುಂತ ಉಣ್ಣಬ್ಯಾಡ. ಮೂರನೇ ತಿಂಗಳಿಗೆ ಊರಿಗೆ ಓಡಿ ಹೋಗೂಣು ಅನಸತೈತಿ. ನನಗೂ ಅನಸಿತ್ತು. ಆ ತಿಂಗಳದಾಗ ಏನೂ ನಿರ್ಧಾರ ಮಾಡಬ್ಯಾಡ."

ಪ್ರಮೋದ ಎಲ್ಲವನ್ನೂ ಬರೆದುಕೊಂಡ. ನೀರು ಕುದಿಸಿದ, ಪರದೆ ಹೊಲಿದ. ಆದರೆ ಮೂರನೇ ತಿಂಗಳು ಊಟ ಬಿಟ್ಟ. ನನ್ನಲ್ಲಿ ಅನ್ನ ಮಾಡಿ, ಒಂದು ತುತ್ತು ತಿಂದು, ಹಾಗೇ ಮುಚ್ಚಿಡುತ್ತಿದ್ದ. ನಾಲ್ಕನೇ ತಿಂಗಳು ಚೀಲ ಕಟ್ಟಿದ. ಯಾರೂ ಅವನನ್ನು ಬೈಯಲಿಲ್ಲ. ಎಸ್ನಾತ್ ದಾರಿಗೆಂದು ಹುರಿದ ಶೇಂಗಾ ಕೊಟ್ಟಳು. "ಅಕ್ಕಾರಿಗೆ ಹೇಳೂದು ಹೆಂಗ?" ಎಂದು ನನ್ನೆದುರು ಒಬ್ಬನೇ ಅಂದುಕೊಂಡ. ಆಮೇಲೆ ಹೊರಗೆ ಹೋಗಿ ಶಿವಲೀಲಾ ಅವರಿಗೆ ಫೋನ್ ಮಾಡಿದ. ಒಳಗೆ ಬಂದಾಗ ಕಣ್ಣು ಒರೆಸಿಕೊಂಡಿದ್ದ, ಆದರೆ ಹೆಗಲು ಹಗುರಾಗಿತ್ತು. ಏನಂದರೆಂದು ನನಗೆ ಕೇಳಿಸಲಿಲ್ಲ.

ಅವನು ಊರಿಗೆ ಹೋದ ಮೇಲೆ ನಾನು ಎಸ್ನಾತ್‌ಳ ಮನೆ ಸೇರಿದೆ. ಹದಿಮೂರು ವರ್ಷವಾಯಿತು. ನನ್ನ ತಳ ಉಬ್ಬಿದೆ, ಒಂದು ಹಿಡಿ ಮುರಿದಿದೆ, ಮುಚ್ಚಳ ಎಲ್ಲಿ ಹೋಯಿತೋ ಗೊತ್ತಿಲ್ಲ. ಮೂಲೆಯಲ್ಲಿ ಕೂತು ಮುಂದಿನ ಬಿತ್ತನೆಯ ಅವರೆ ಬೀಜ ಕಾಯುತ್ತೇನೆ. ಮೊದಮೊದಲು ಬಂದವರೆಲ್ಲ ಇದು ಯಾವ ದೇಶದ್ದು ಎಂದು ತಿರುಗಿಸಿ ನೋಡುತ್ತಿದ್ದರು. ಈಗ ಯಾರೂ ಕೇಳುವುದಿಲ್ಲ. ಬೀಜ ಬೇಕಾದವರಿಗೆ ಎಸ್ನಾತ್ ಅಂಗಳದಿಂದಲೇ ಕೂಗಿ ಹೇಳುತ್ತಾಳೆ: "ನಮ್ಮ ಆ ಹಳೇ ಪಾತ್ರೆಯಲ್ಲಿದೆ, ತಗೊಳ್ಳಿ."